ಎರಡು ಉದ್ದ ಸ್ಕ್ರೂ

ಫೆಬ್ರವರಿ ೯

ಅಕ್ಕ,

ಈ ಕಾಗದ ನಿನ್ನ ಮೂಳೆಗೆ ಹಾಕುವ ಸ್ಕ್ರೂ, ಪ್ಲೇಟಿನ ಟ್ರೇ ಜೊತೆಯಲ್ಲೇ, ಒಂದೇ ಪಾರ್ಸೆಲ್ ಬಸ್ಸಿನಲ್ಲಿ ಬರುತ್ತಿದೆ. ಟ್ರೇ ನೇರವಾಗಿ ಆಪರೇಶನ್ ಥಿಯೇಟರಿಗೆ, ಕಾಗದ ನಿನ್ನ ದಿಂಬಿನ ಹತ್ತಿರಕ್ಕೆ. ಫೋನ್ ಮಾಡಿದರೆ ನೀನು ಎತ್ತುವವಳಲ್ಲ. "ಫೋನಲ್ಲಿ ನೀನು ಮಾತಲ್ಲೇ ಮನೆ ಕಟ್ತೀಯ. ಬರೆದು ಕಳಿಸು, ಗೋಡೆ ಎಲ್ಲಿ ಸೊಟ್ಟ ಅಂತ ಆಗ ಕಾಣುತ್ತೆ" ಅನ್ನುವುದು ನಿನ್ನ ಮೂವತ್ತು ವರ್ಷದ ಕಾನೂನು. ಸೊಂಟ ಮುರಿದುಕೊಂಡರೂ ಕಾನೂನು ಮುರಿಯಲಿಲ್ಲ ನೀನು.

ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಹಿಂದಕ್ಕೆ ಬಂದು ನಿನ್ನನ್ನು ಟೈಲ್ಸ್ ಕಪಾಟಿಗೆ ಒತ್ತಿತು ಎಂದು ನಿನ್ನ ಸೊಸೆ ಹೇಳಿದಾಗ ನಾನು ಅಂಗಡಿಯಲ್ಲಿ ಸ್ಟೂಲ್ ಮೇಲಿದ್ದೆ. ಇಪ್ಪತ್ತಾರು ವರ್ಷ ಸ್ಟಾಕ್ ಎಣಿಸಿದವಳನ್ನು ಕೊನೆಗೆ ಸ್ಟಾಕೇ ಹಿಡಿದುಕೊಂಡಿತಲ್ಲ ಎಂದು ನಗು ಬಂತು, ಆ ನಗುವಿನ ಹಿಂದೆಯೇ ಬೇರೇನೋ ಬಂತು.

ಡಾಕ್ಟರ್ ಜೊತೆ ಮಾತಾಡಿದ್ದೇನೆ. ನಿನಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಸೊಂಟದ ಮೂಳೆ ಅಂದರೆ ಒಂದು ಬಳೆ. ಬಳೆ ಎಂದಾದರೂ ಒಂದೇ ಕಡೆ ಒಡೆದದ್ದು ನೋಡಿದ್ದೀಯಾ? ನಿನ್ನದೂ ಎರಡು ಕಡೆ ಬಿಟ್ಟಿದೆ. ಮುಂದೆ, ಹೊಟ್ಟೆಯ ಕೆಳಗೆ ಎರಡು ಭಾಗ ಕೂಡುವ ಜಾಗದಲ್ಲಿ. ಹಿಂದೆ, ಬೆನ್ನುಮೂಳೆಯ ಬುಡದ ಎಡಗಡೆ. ಹೀಗಾದಾಗ ಎಡಗಡೆಯ ಅರ್ಧ ಬಳೆ ಕಾಲಿನ ಸಮೇತ ಮೇಲಕ್ಕೆ ಜಾರುತ್ತದೆ. ಈಗ ನಿನ್ನ ಕಾಲಿಗೆ ತೂಕ ಕಟ್ಟಿ ಎಳೆದಿರುವುದು ಅದಕ್ಕೇ. ಆಪರೇಶನ್ನಿನಲ್ಲಿ ಮುಂದೆ ಒಂದು ಪ್ಲೇಟ್ ಹಾಕುತ್ತಾರೆ. ಹಿಂದೆ ಎರಡು ಉದ್ದ ಸ್ಕ್ರೂ, ಗೇಣಿಗೆ ನಾಲ್ಕು ಬೆರಳು ಕಡಿಮೆ, ಎಡ ಪಕ್ಕದಿಂದ ಹೊಕ್ಕು ಬೆನ್ನಿನ ಬುಡವನ್ನು ದಾಟಿ ಬಲ ಪಕ್ಕದ ಮೂಳೆಯನ್ನು ಕಚ್ಚುತ್ತವೆ. ಗಿಡ್ಡ ಸ್ಕ್ರೂ ಬರೀ ಮಧ್ಯದವರೆಗೆ ಹೋಗುತ್ತದೆ, ನಿನ್ನಂಥ ಬಿಟ್ಟ ಮೂಳೆಗೆ ಅದನ್ನು ನೆಚ್ಚುವಂತಿಲ್ಲ. ಉದ್ದದ್ದೇ ಬೇಕು.

ಟ್ರೇಯನ್ನು ನಾನೇ ನೋಡಿದ್ದೇನೆ. ಥಿಯೇಟರಿನವರು ನನ್ನನ್ನು 'ತಕ್ಕಡಿ' ಅನ್ನುವುದು ನಿನಗೆ ಗೊತ್ತಲ್ಲ. ಬೇರೆ ಅಂಗಡಿಯವರು ಕನ್ನಡಕ ಹಾಕಿಕೊಂಡು ಒಂದೊಂದೇ ಸ್ಕ್ರೂ ಎಣಿಸುತ್ತಾರೆ. ಆಸ್ಪತ್ರೆಯಲ್ಲಿ ಕತ್ತರಿ, ಇಕ್ಕಳ ತೊಳೆಯುತ್ತ, ಆಸ್ಪತ್ರೆಗಳಿಗೆ ಸ್ಕ್ರೂ, ಪ್ಲೇಟ್ ಕಳಿಸುವ ಈ ದಂಧೆಗೆ ಬಂದವನು ನಾನು. ಟ್ರೇ ಎತ್ತಿದರೆ ಸಾಕು, ಒಂದು ಸ್ಕ್ರೂ ಕಡಿಮೆಯಿದ್ದರೂ ಮಣಿಕಟ್ಟು ಹೇಳುತ್ತದೆ. ಎತ್ತಿದೆ, ಪಟ್ಟಿಗೆ ಸಹಿ ಹಾಕಿದೆ. ನನ್ನ ಸಹಿ ಇದ್ದರೆ ಅಲ್ಲಿ ಯಾರೂ ಮತ್ತೆ ತೆರೆದು ನೋಡುವುದಿಲ್ಲ.

ಧೈರ್ಯವಾಗಿರು. ನಿನ್ನೊಳಗೆ ಇನ್ನು ನನ್ನ ಮಾಲು ಇರುತ್ತದೆ.

ನಿನ್ನ ತಮ್ಮ

●

ಫೆಬ್ರವರಿ ೨೦

ತಮ್ಮಾ,

ಬದುಕಿದ್ದೇನೆ. ಮಲಗಿಕೊಂಡೇ ಬರೆಯುತ್ತಿರುವುದರಿಂದ ಅಕ್ಷರಗಳು ಗೋಡೆ ಹತ್ತಿವೆ, ತಪ್ಪು ಹುಡುಕಬೇಡ.

ಹನ್ನೊಂದನೇ ತಾರೀಕು ಕೊಯ್ದರು. ನಾಲ್ಕು ಗಂಟೆ ಅಂದವರು ಆರೂವರೆ ಗಂಟೆ ತೆಗೆದುಕೊಂಡರು. ಈಗ ಹೊಟ್ಟೆಯ ಮೇಲೆ ಒಂದು ಕಬ್ಬಿಣದ ಚೌಕಟ್ಟಿದೆ. ಎರಡೂ ಪಕ್ಕದ ಮೂಳೆಗೆ ಸರಳು ತೂರಿಸಿ, ಹೊರಗೆ ಅಡ್ಡಪಟ್ಟಿ ಬಿಗಿದಿದ್ದಾರೆ. ಬಟ್ಟೆ ಒಣಹಾಕುವ ಗಳುವಿನ ಹಾಗಿದೆ. ಮೊಮ್ಮಗಳು ನಿನ್ನೆ ತನ್ನ ಕರವಸ್ತ್ರವನ್ನು ನಿಜವಾಗಿಯೂ ಹರವಿ ಹೋದಳು.

ಒಂದು ಮಾತು. ನೀನು ಬರೆದ ಪಟ್ಟಿಗೂ ನನ್ನ ಮೈಗೂ ತಾಳೆಯಾಗುತ್ತಿಲ್ಲ. ಮುಂದೆ ಪ್ಲೇಟ್, ಹಿಂದೆ ಎರಡು ಸ್ಕ್ರೂ ಎಂದೆ ನೀನು. ಈ ಗಳುವಿನ ಸುದ್ದಿಯೇ ಇರಲಿಲ್ಲ. ಡಾಕ್ಟರನ್ನು ಕೇಳಿದರೆ "ಒಳಗೆ ನೋಡಿದ ಮೇಲೆ ಸ್ವಲ್ಪ ಬದಲಾಯಿಸಿದ್ವಿ" ಅಂದು ಬೇರೆ ಮಂಚದ ಕಡೆ ನಡೆದರು. ಸ್ಟಾಕ್ ಎಣಿಸಿದ ಹೆಂಗಸು ನಾನು, ಬಿಲ್ಲಿನಲ್ಲಿ ಒಂದು, ಕಪಾಟಿನಲ್ಲಿ ಇನ್ನೊಂದು ಇದ್ದರೆ ನಿದ್ದೆ ಬರುವುದಿಲ್ಲ. ಏನು ಅಂತ ಬರೆ.

ಹನ್ನೆರಡು ವಾರ ಎಡಗಾಲು ನೆಲಕ್ಕೆ ತಾಕಬಾರದಂತೆ. ನೀನು ಎಷ್ಟು ಓಡಾಡಿದ್ದೀಯ ಅಂತ ಸೊಸೆ ಹೇಳಿದಳು. ನಿನ್ನನ್ನು ಶಾಲೆಗೆ ಕಳಿಸಿದ್ದು ದಂಡವಾಗಲಿಲ್ಲ.

ಅಕ್ಕ

●

ಮಾರ್ಚ್ ೮

ಅಕ್ಕ,

ತಡವಾಯಿತು, ಕೆಲಸ ಬಹಳ.

ಚೌಕಟ್ಟಿನ ವಿಷಯ. ಅದು ತಪ್ಪೇನಲ್ಲ, ಅದೂ ಒಂದು ಒಪ್ಪಿದ ವಿಧಾನವೇ. ಎಷ್ಟೋ ಕಡೆ ಮೊದಲು ಅದನ್ನೇ ಹಾಕುತ್ತಾರೆ. ಸರಳುಗಳು ಮೂಳೆಯನ್ನು ಹಿಡಿಯುತ್ತವೆ, ಪಟ್ಟಿ ಸರಳುಗಳನ್ನು ಹಿಡಿಯುತ್ತದೆ, ಬಳೆಯ ಮುಂಭಾಗ ಬಾಯಿ ಬಿಡುವುದಿಲ್ಲ. ಸರಳು ಚರ್ಮ ಹೊಗುವ ಜಾಗವನ್ನು ದಿನಾ ಉಪ್ಪುನೀರಿನಲ್ಲಿ ಒರೆಸಬೇಕು, ಕೀವು ಬಂದರೆ ಹೇಳಬೇಕು. ಹಿಂದುಗಡೆಗೆ ಒಂದು ಸ್ಕ್ರೂ ಹಾಕಿದ್ದಾರೆ ಎಂದು ತಿಳಿಯಿತು. ಒಂದಿದ್ದರೂ ಅಷ್ಟೇ, ಎರಡಿದ್ದರೂ ಅಷ್ಟೇ. ಥಿಯೇಟರಿನಲ್ಲಿ ಡಾಕ್ಟರಿಗೆ ಆ ಹೊತ್ತಿಗೆ ಏನು ಸರಿ ಕಾಣುತ್ತದೋ ಅದು. ಟ್ರೇ ಕಳಿಸಿದವನಿಗೆ ಅಲ್ಲಿ ಮಾತಿಲ್ಲ.

ಉದ್ದದ್ದು ಯಾಕೆ ಇಲ್ಲ, ಗಿಡ್ಡದ್ದು ಯಾಕೆ ಎಂದು ತಲೆ ಕೆಡಿಸಿಕೊಳ್ಳಬೇಡ. ನಿದ್ದೆ ಮಾಡು. ಎಡಗಾಲು ನೆಲಕ್ಕಿಡಬೇಡ.

ತಮ್ಮ

●

ಮಾರ್ಚ್ ೨೭

ತಮ್ಮಾ,

ಉದ್ದ, ಗಿಡ್ಡ ಅಂತ ನಾನು ಕೇಳಿಯೇ ಇರಲಿಲ್ಲ. ಇರಲಿ.

ಆರು ವಾರದ ಎಕ್ಸ್‌ರೇ ಆಯಿತು. ಹಿಂದುಗಡೆ ಮತ್ತೆ ಜಾರಿದೆ. ಎಡಗಾಲು ಒಂದು ಇಂಚು ಗಿಡ್ಡ. ಡಾಕ್ಟರ್ ಎರಡೂ ಹಿಮ್ಮಡಿ ಜೋಡಿಸಿ ಹಿಡಿದು ಸೊಸೆಗೆ ತೋರಿಸಿದರು. ಅವಳು ಕಿಟಕಿ ಕಡೆ ತಿರುಗಿದಳು. ಆಮೇಲೆ ಅವರು ಕೇಳಿದರು: "ಕಾಲ ಮೇಲೆ ಏನಾದ್ರೂ ಭಾರ ಬಿಟ್ರಾ?"

ಇಲ್ಲ ಅಂದೆ.

ಬಿಟ್ಟಿದ್ದೆ. ಈಗ ನಿನಗೊಬ್ಬನಿಗೆ ಹೇಳುತ್ತಿದ್ದೇನೆ. ಮನೆಗೆ ಬಂದ ಎರಡನೇ ವಾರ. ಬೆಡ್‌ಪ್ಯಾನ್ ಇಡುವವಳು ಸೊಸೆ. ಒಂದು ದಿನವೂ ಮುಖ ಸಿಂಡರಿಸಿಲ್ಲ ಅವಳು, ಅದೇ ತಡೆಯಲಾಗದ್ದು. ಬೈದುಕೊಂಡು ಇಟ್ಟಿದ್ದರೆ ಇಡಿಸಿಕೊಳ್ಳುತ್ತಿದ್ದೆ. ಅವತ್ತು ಅವಳು ಕೆಲಸಕ್ಕೆ ಹೋಗಿದ್ದಳು. ಗಳುವನ್ನು ಹೊಟ್ಟೆಯ ಮೇಲೆ ಹೊತ್ತುಕೊಂಡೇ ಎದ್ದು, ಗೋಡೆ ಹಿಡಿದು ಬಚ್ಚಲಿಗೆ ಹೋಗಿ ಬಂದೆ. ಹೋಗಲು ಎಂಟು ಹೆಜ್ಜೆ, ಬರಲು ಎಂಟು. ಎಣಿಸಿದ್ದೇನೆ. ವಾಪಸು ಬರುವಾಗ ಆರನೇ ಹೆಜ್ಜೆಗೆ ಒಳಗೆಲ್ಲೋ ಕಟ್ ಎಂದಿತು.

ನೀನು ಅಷ್ಟು ಕಷ್ಟಪಟ್ಟು ಹೊಂದಿಸಿದ್ದನ್ನು ನಾನು ಹದಿನಾರು ಹೆಜ್ಜೆಯಲ್ಲಿ ಕೆಡಿಸಿದೆ. ಐವತ್ತೆಂಟು ವರ್ಷಕ್ಕೆ ಬುದ್ಧಿ ಬರಲಿಲ್ಲ ಅಂತ ಬೈದು ಬರೆ. ಬೈಸಿಕೊಂಡರೆ ಹಗುರವಾಗುತ್ತದೆ.

ಅಕ್ಕ

●

ಮಾರ್ಚ್ ೨೯

ಅಕ್ಕ,

ನಿನ್ನ ಕಾಗದ ಇವತ್ತೇ ಬಂತು, ಇವತ್ತೇ ಬರೆಯುತ್ತಿದ್ದೇನೆ.

ಎಂಥ ಕೆಲಸ ಮಾಡಿಕೊಂಡೆ! ಹನ್ನೆರಡು ವಾರ ಅಂದರೆ ಹನ್ನೆರಡು ವಾರ. ಇಪ್ಪತ್ತೆರಡು ವರ್ಷದಿಂದ ಈ ದಂಧೆಯಲ್ಲಿ ನೋಡಿದ್ದೇನೆ, ಕಬ್ಬಿಣ ಎಷ್ಟೇ ಗಟ್ಟಿಯಿದ್ದರೂ ರೋಗಿ ಹೇಳಿದ ಮಾತು ಕೇಳದಿದ್ದರೆ ಬ್ರಹ್ಮ ಬಂದರೂ ನಿಲ್ಲಿಸಲಾರ. ಆದದ್ದಾಯಿತು. ಡಾಕ್ಟರಿಗೆ ನಿಜ ಹೇಳಿಬಿಡು, ಅವರಿಗೂ ಕಾರಣ ತಿಳಿಯಲಿ. ಮುಂದೆ ಏನು ಮಾಡುತ್ತಾರೆ ಕೇಳಿ ಬರೆ.

ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮನುಷ್ಯರು ತಪ್ಪು ಮಾಡುತ್ತಾರೆ.

ತಮ್ಮ

●

ಏಪ್ರಿಲ್ ೫

ತಮ್ಮಾ,

ಹೇಳಿದೆ. ಡಾಕ್ಟರ್ ಎಕ್ಸ್‌ರೇಯನ್ನು ಮತ್ತೆ ಬೆಳಕಿಗೆ ಹಿಡಿದು ನೋಡಿದರು. ಬೈಯಲಿಲ್ಲ.

ಮತ್ತೆ ಕೊಯ್ಯಬೇಕಂತೆ. ಅರ್ಧ ಕೂಡಿದ ಮೂಳೆಯನ್ನು ಬಿಡಿಸಿ, ಕಾಲನ್ನು ಕೆಳಗೆಳೆದು, ಮತ್ತೆ ಬಿಗಿಯುವುದು. ಈ ತಿಂಗಳೊಳಗೆ ಆದರೆ ಆದೀತು. ಆಮೇಲೆ ಮೂಳೆ ಸೊಟ್ಟಗೇ ಗಟ್ಟಿಯಾಗುತ್ತದೆ, ಆಗ ಯಾರೂ ಕೈ ಹಾಕುವುದಿಲ್ಲವಂತೆ. ಮಾಡಿಸದಿದ್ದರೆ? ಕುಂಟುತ್ತೀರಿ ಅಂದರು. ಕುಂಟುವುದು ಹೋಗಲಿ, ಕೂರುವಾಗ ಒಂದು ಕಡೆ ಎತ್ತರ, ಒಂದು ಕಡೆ ತಗ್ಗು. ಅರ್ಧ ಗಂಟೆಗಿಂತ ಹೆಚ್ಚು ಕೂರಲಾಗದು. ನೋವು ಸಾಯುವವರೆಗೆ.

ನಾನು ಬೇಡ ಎಂದೆ.

ನನಗೆ ನನ್ನ ಮೇಲೆ ನಂಬಿಕೆ ಇಲ್ಲ, ತಮ್ಮಾ. ಒಂದು ಸಲ ಕೆಡಿಸಿದವಳು ಇನ್ನೊಂದು ಸಲ ಕೆಡಿಸುವುದಿಲ್ಲ ಅಂತ ಏನು ಗ್ಯಾರಂಟಿ? ಮತ್ತೆ ಹನ್ನೆರಡು ವಾರ ಆ ಹುಡುಗಿ ಬೆಡ್‌ಪ್ಯಾನ್ ಹಿಡಿಯಬೇಕು, ಮತ್ತೆ ನಾನು ಯಾವತ್ತೋ ಒಂದು ದಿನ ಎದ್ದುಬಿಡುತ್ತೇನೆ. ಮಾತು ಕೇಳದವಳು ಸೊಟ್ಟಗೆ ಕೂರಲಿ. ಮಾಡಿದ್ದುಣ್ಣೋ ಮಹರಾಯ.

ಇಲ್ಲಿಗೆ ಮುಗಿಯಿತು. ಮತ್ತೆ ಒತ್ತಾಯ ಮಾಡಬೇಡ.

ಅಕ್ಕ

●

ಏಪ್ರಿಲ್ ೧೫

ಅಕ್ಕ,

ಹತ್ತು ದಿನ ತೆಗೆದುಕೊಂಡೆ. ಆ ಹತ್ತು ದಿನವೂ ನಿನ್ನ ಮೂಳೆ ಸೊಟ್ಟಗೆ ಗಟ್ಟಿಯಾಗುತ್ತಿತ್ತು, ನನಗೆ ಗೊತ್ತಿತ್ತು. ಮೊದಲು ಇದನ್ನು ಬರೆದುಕೋ.

ಟ್ರೇಯಲ್ಲಿ ಉದ್ದ ಸ್ಕ್ರೂ ಇರಲಿಲ್ಲ.

ಹಿಂದಿನ ವಾರ ಬೇರೆ ಆಸ್ಪತ್ರೆಯಲ್ಲಿ ಎರಡನ್ನೂ ಬಳಸಿದ್ದರು. ಟ್ರೇ ವಾಪಸು ಬಂದಾಗ ಆ ಖಾಲಿ ಗುಂಡಿಯಲ್ಲಿ ಯಾರೋ ಎರಡು ಡ್ರಿಲ್ ಕಡ್ಡಿ ಇಟ್ಟಿದ್ದರು. ಅವುಗಳ ತೂಕ ಹೆಚ್ಚುಕಡಿಮೆ ಅಷ್ಟೇ. ನಾನು ಮುಚ್ಚಳ ತೆಗೆಯಲಿಲ್ಲ. ಎತ್ತಿದೆ. ಮಣಿಕಟ್ಟು ಸರಿ ಅಂದಿತು. ಸಹಿ ಹಾಕಿದೆ. ಅಕ್ಕನ ಟ್ರೇ ಅಂತ ಗೊತ್ತಿದ್ದೂ ಹಾಕಿದೆ.

ನಿನ್ನನ್ನು ಕೊಯ್ದು, ಮುಂದುಗಡೆ ತೆರೆದ ಮೇಲೆ ನರ್ಸ್ ನೋಡಿದ್ದಾಳೆ. ಥಿಯೇಟರಿನಿಂದ ಫೋನ್ ಬಂತು. ಡಾಕ್ಟರ್ ಕೂಗಾಡಲಿಲ್ಲ, "ತಕ್ಕಡಿಯವರೇ, ಉದ್ದದ್ದು ಎಲ್ಲಿಟ್ಟಿದ್ದೀರಿ?" ಅಂತ ಕೇಳಿದರು, ಇಲ್ಲೇ ಎಲ್ಲೋ ಇರಬೇಕು ಅನ್ನುವ ಹಾಗೆ. ಬಸ್ಸಿನಲ್ಲಿ ಕಳಿಸಿದರೆ ಒಂಬತ್ತು ಗಂಟೆಯ ದಾರಿ. ಆ ಎರಡೂವರೆ ಗಂಟೆ ತಡ ಅದೇ. ಮುಂದೆ ಪ್ಲೇಟ್, ಹಿಂದೆ ಸಿಕ್ಕಿದ ಒಂದು ಗಿಡ್ಡ ಸ್ಕ್ರೂ ಹಾಕಿ, ಅದು ಸಾಲದೆಂದು ಹೊರಗೆ ಚೌಕಟ್ಟು ಬಿಗಿದರು. ಹೊರಗಿನ ಚೌಕಟ್ಟು ಮುಂಭಾಗವನ್ನು ಹಿಡಿಯುತ್ತದೆ, ಹಿಂಭಾಗ ಮೇಲಕ್ಕೆ ಜಾರುವುದನ್ನು ತಡೆಯುವುದಿಲ್ಲ. ಇದು ನನಗೆ ಗೊತ್ತು. ಗೊತ್ತಿದ್ದೇ ಮಾರ್ಚ್ ತಿಂಗಳಲ್ಲಿ ಉಪ್ಪುನೀರಿನ ಪಾಠ ಬರೆದೆ. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಒರೆಸಿಕೊಂಡೆ, ನೀನು ಹಿಡಿದೆ, ಆದರೂ "ಇರಲಿ" ಅಂದೆ.

ಇದಕ್ಕಿಂತ ಕೀಳಾದದ್ದು ಮಾರ್ಚ್ ೨೯ರ ಕಾಗದ. ನೀನು ಹದಿನಾರು ಹೆಜ್ಜೆಯ ಕತೆ ಬರೆದಾಗ ನನಗೆ ಮೊದಲು ಏನಾಯಿತು ಗೊತ್ತೇ? ಖುಷಿಯಾಯಿತು. ಅಂಗಡಿಯ ಬಾಗಿಲು ಅರ್ಧ ಎಳೆದು, ಕೂತು, ಒಂದೇ ಉಸಿರಿಗೆ ಬರೆದೆ. ಮೂವತ್ತು ವರ್ಷದಲ್ಲಿ ನಿನಗೆ ಅಂದಂದೇ ಉತ್ತರ ಬರೆದದ್ದು ಅದೊಂದೇ ಸಲ. ನಿನ್ನ ತಪ್ಪನ್ನು ಹೊದ್ದುಕೊಂಡು ಎರಡು ರಾತ್ರಿ ಚೆನ್ನಾಗಿ ಮಲಗಿದೆ.

ನಿನ್ನೆ ಡಾಕ್ಟರನ್ನು ಕೇಳಿದೆ, ಅಕ್ಕನ ಹೆಜ್ಜೆಯಿಂದ ಆಯಿತೋ ಸ್ಕ್ರೂವಿಂದ ಆಯಿತೋ ಎಂದು. "ಖಂಡಿತ ಅಂತ ಯಾರೂ ಹೇಳೋಕಾಗಲ್ಲ. ಆದ್ರೆ ಉದ್ದದ್ದು ಎರಡು ಇದ್ದಿದ್ರೆ ಹದಿನಾರು ಹೆಜ್ಜೆ ತಡ್ಕೊಳ್ತಿತ್ತು ಅಂತ ನನ್ನ ಲೆಕ್ಕ. ನಾನೂ ಕೊಯ್ಯೋ ಮೊದಲು ಟ್ರೇ ತೆಗೆಸಿ ನೋಡ್ಲಿಲ್ಲ. ನಿಮ್ಮ ಸಹಿ ನೋಡಿದೆ" ಅಂದರು. ಅವರೂ ನಿನಗೆ ಹೇಳಲು ಬಾಯಿ ಬಾರದೆ ಸುಮ್ಮನಿದ್ದವರೇ.

ನೀನು ಕೆಡಿಸಿದವಳಲ್ಲ. ಆಪರೇಶನ್ ಮಾಡಿಸಿಕೋ. ನನ್ನ ಟ್ರೇ ಬೇಡ ಎಂದು ಡಾಕ್ಟರಿಗೆ ಹೇಳಿದ್ದೇನೆ, ಬೇರೆ ಅಂಗಡಿಯಿಂದ ತರಿಸುತ್ತಾರೆ. ನನ್ನ ಮುಖ ನೋಡಬೇಡ, ಕಾಗದ ಬರೆಯಬೇಡ, ಆದರೆ ಮಾಡಿಸಿಕೋ. ಹದಿನೈದು ದಿನ ಉಳಿದಿದೆ.

ತಮ್ಮ

●

ಏಪ್ರಿಲ್ ೧೮

ತಮ್ಮನಿಗೆ,

ಓದಿದೆ. ಸೊಸೆಯ ಕೈಯಲ್ಲೂ ಓದಿಸಿದೆ. ಅವಳು ಓದಿ ಮುಗಿಸಿ, ಕಾಗದ ಮಡಿಸಿ, "ಅತ್ತೆ, ಅವತ್ತು ನೀವು ಎದ್ದಿದ್ದು ನಂಗೊತ್ತಿತ್ತು, ಬಚ್ಚಲ ಬಾಗಿಲು ಒದ್ದೆಯಿತ್ತು" ಅಂದಳು. ಒಂದು ತಿಂಗಳಿಗೂ ಹೆಚ್ಚು ನಾಲಿಗೆ ಕಚ್ಚಿಕೊಂಡಿದ್ದಾಳೆ, ನಾನು ಕುಗ್ಗಿ ಹೋಗುತ್ತೇನೆ ಅಂತ. ಈ ಮನೆಯಲ್ಲಿ ನನಗೊಬ್ಬಳಿಗೇ ಏನೂ ಗೊತ್ತಿರಲಿಲ್ಲ.

ಮಾಡಿಸಿಕೊಳ್ಳುತ್ತೇನೆ. ಇಪ್ಪತ್ತಾರಕ್ಕೆ.

ಟ್ರೇ ನಿನ್ನದೇ ಬರಬೇಕು. ಬಸ್ಸಿನಲ್ಲಿ ಅಲ್ಲ, ನಿನ್ನ ಕೈಯಲ್ಲಿ. ನರ್ಸ್ ಎದುರಿಗೆ ಮುಚ್ಚಳ ತೆಗೆದು ಒಂದೊಂದನ್ನೂ ಬಾಯಿಬಿಟ್ಟು ಎಣಿಸು. ಅಡಗಿಕೊಳ್ಳುವುದಕ್ಕೆ ಬೇರೆ ಅಂಗಡಿಯವನ ಬೆನ್ನು ಹುಡುಕಬೇಡ.

ನಿನ್ನ ಮೇಲೆ ಸಿಟ್ಟು ಎಷ್ಟಿದೆ ಎಂದು ಬರೆಯಲು ಈ ಹಾಳೆ ಸಾಲದು, ಅದನ್ನು ಹಾಗೇ ಇಟ್ಟುಕೊಂಡಿದ್ದೇನೆ. ಒಂದೇ ಪ್ರಶ್ನೆ. ನಾನು ನಿನ್ನ ಅಕ್ಕ, ಅದಕ್ಕೇ ನನ್ನ ಕಾಲು ಗಿಡ್ಡವಾದದ್ದು ನಿನಗೆ ತಿಳಿಯಿತು. ಇಪ್ಪತ್ತೆರಡು ವರ್ಷದಿಂದ ಟ್ರೇ ಎತ್ತಿ ಎತ್ತಿ ಕಳಿಸಿದ್ದೀಯಲ್ಲ, ಉಳಿದವರ ಕಾಲು ಎಷ್ಟೆಷ್ಟು ಗಿಡ್ಡವಾಯಿತು ಅಂತ ನಿನಗೆ ಯಾರು ಕಾಗದ ಬರೆದರು?

ಅಕ್ಕ

●

ಮೇ ೨೧

ತಮ್ಮಾ,

ಏಳು ಗಂಟೆ ಕೊಯ್ದರು. ರಕ್ತ ನಾಲ್ಕು ಬಾಟಲಿ. ಕಾಲು ಕೆಳಗೆ ಬಂದಿದೆ, ಪೂರ್ತಿ ಅಲ್ಲ, ಒಂದು ಬೆರಳಗಲದ ಅರ್ಧ ಉಳಿದಿದೆ. ಚಪ್ಪಲಿಯೊಳಗೆ ಒಂದು ಪದರ ಹಾಕಿದರೆ ತಿಳಿಯುವುದಿಲ್ಲವಂತೆ. ಗಳು ತೆಗೆದರು. ಈಗ ಮೊಮ್ಮಗಳಿಗೇ ಬೇಜಾರು.

ನೀನು ಎರಡು ದಿನ ವಾರ್ಡಿನ ಬಾಗಿಲ ಆಚೆ ಕೂತು, ಒಳಗೆ ಬಾರದೆ ಹೋದೆ. ನಾನು ಎಚ್ಚರವಿದ್ದೆ, ಕರೆಯಲಿಲ್ಲ. ಇಬ್ಬರದ್ದೂ ಸರಿಯೇ. ನರ್ಸ್ ಹೇಳಿದಳು, "ನಿಮ್ಮ ತಮ್ಮ ನೂರೆಂಬತ್ತು ಐಟಂ ಎಣಿಸಿದ್ರು, ಮುಗಿಸಿ ಮತ್ತೆ ಒಂದರಿಂದ ಶುರು ಮಾಡಿದ್ರು, ನಮ್ಗೆ ಊಟಕ್ಕೂ ಬಿಡ್ಲಿಲ್ಲ" ಅಂತ.

ಸೊಸೆಗೆ ಹೇಳಿದ್ದೇನೆ, ಈ ಸಲ ಬೆಡ್‌ಪ್ಯಾನ್ ಇಡುವಾಗ ಬೈಯಬೇಕು ಎಂದು. ಕಷ್ಟಪಟ್ಟು ಬೈಯುತ್ತಾಳೆ ಪಾಪ, ಅಭ್ಯಾಸವಿಲ್ಲ.

ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ.

ಅಕ್ಕ

●

ಜೂನ್ ೧೪

ಅಕ್ಕ,

ಉತ್ತರ ಏಳು.

ಆಪರೇಶನ್ ಆದ ಮೇಲೆ ಟ್ರೇ ಜೊತೆ ಒಂದು ಚೀಟಿ ವಾಪಸು ಬರುತ್ತದೆ: ಯಾವುದನ್ನು ಬಳಸಿದರು, ಯಾವುದು ಉಳಿಯಿತು. ಇದುವರೆಗೆ ನಾನು ಅದರಲ್ಲಿ ಬಳಸಿದ್ದನ್ನು ಮಾತ್ರ ಓದುತ್ತಿದ್ದೆ. ಈಗ ಅಟ್ಟದ ಮೇಲಿನ ಗೋಣಿಗಳನ್ನು ಇಳಿಸಿ, ಇಲಿ ತಿನ್ನದೆ ಬಿಟ್ಟಷ್ಟನ್ನು ಕೂತು ಓದಿದೆ. ಅಂಚಿನಲ್ಲಿ ಸಣ್ಣಕ್ಷರದಲ್ಲಿ 'ಇರಲಿಲ್ಲ' ಎಂದು ಬರೆದ ಚೀಟಿ ಹತ್ತೊಂಬತ್ತು. ಅದರಲ್ಲಿ ನಿನ್ನ ಹಾಗೆ ಬಿಟ್ಟ ಸೊಂಟದವು ನಿನ್ನದೂ ಸೇರಿ ಎಂಟು. ಉಳಿದ ಏಳನ್ನು ಹುಡುಕುತ್ತಿದ್ದೇನೆ. ಆಸ್ಪತ್ರೆಗಳು ವಿಳಾಸ ಕೊಡುವುದಿಲ್ಲ. ಡಾಕ್ಟರುಗಳ ಎದುರು ಚೀಟಿ ಇಟ್ಟು, ನನ್ನ ತಪ್ಪು ಹೇಳಿ, ಆ ರೋಗಿಯನ್ನು ನೀವೇ ಕೇಳಿ, ನನ್ನನ್ನು ನೋಡಲು ಒಪ್ಪಿದರೆ ಹೋಗುತ್ತೇನೆ ಎಂದೆ. ಒಬ್ಬ ಡಾಕ್ಟರ್ ನನ್ನನ್ನು ಎಬ್ಬಿಸಿ ಕಳಿಸಿದರು. ಎರಡು ಆಸ್ಪತ್ರೆಗಳಲ್ಲಿ ನನ್ನ ಮಾಲು ನಿಂತಿದೆ. ನಿಲ್ಲಬೇಕಾದದ್ದೇ.

ಮೊನ್ನೆ ಮೊದಲನೆಯವನ ಮನೆಗೆ ಹೋದೆ. ಚಾವಣಿಗೆ ತಗಡು ಹಾಕುವ ಕೆಲಸದವನು, ಮೂರು ವರ್ಷದ ಹಿಂದೆ ಜಾರಿ ಬಿದ್ದವನು. ಮೂರನೇ ಮಹಡಿ, ಲಿಫ್ಟ್ ಇಲ್ಲ. ಬಾಗಿಲು ತೆರೆದವನು ಬಾಗಿಲ ಚೌಕಟ್ಟನ್ನು ಬಿಡದೆ ನಿಂತ. ಎಡ ಭುಜ ತಗ್ಗಿತ್ತು. ಈಗ ಮೇಲೆ ಹತ್ತುವುದಿಲ್ಲ, ಮನೆಯಲ್ಲೇ ಕೂತು ಮಿಕ್ಸಿ, ಫ್ಯಾನ್ ರಿಪೇರಿ. ಕೂರುವ ಕುರ್ಚಿಯ ಒಂದು ಬದಿಗೆ ಮಡಿಸಿದ ಕಂಬಳಿ ಇತ್ತು. ನನಗೆ ಚಹಾ ಕೊಟ್ಟ. ಹೇಳುವ ಮೊದಲು ಕುಡಿಯಬಾರದು ಎಂದು ಲೋಟವನ್ನು ನೆಲಕ್ಕಿಟ್ಟೆ.

ಹೇಳಿದೆ. ಮಾತಿನ ಮಲ್ಲ ಅನ್ನುತ್ತೀಯಲ್ಲ ನನ್ನನ್ನು, ನಾಲ್ಕು ವಾಕ್ಯ ಆಡಲು ಅಂಗಿ ಒದ್ದೆಯಾಯಿತು. ಟ್ರೇ ಎತ್ತಿದ್ದು, ಮುಚ್ಚಳ ತೆಗೆಯದ್ದು, ಸಹಿ.

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದರೆ ಹೊಡೆಯಲಿ ಎಂದೂ ಅಂದುಕೊಂಡೆ.

"ಅಂದ್ರೆ ಬಲ್ಬ್ ಅಲ್ವಾ?" ಅಂದ.

ಯಾವ ಬಲ್ಬ್ ಎಂದೆ.

"ಐದನೇ ವಾರ ಬಲ್ಬ್ ಹೋಗಿತ್ತು. ಹೆಂಡ್ತಿ ಬರೋವರ್ಗೂ ಕತ್ಲಲ್ಲಿ ಯಾಕೆ ಅಂತ ಎದ್ದು ಬದಲಾಯಿಸಿದ್ದೆ. ಸ್ಟೂಲ್ ಮೇಲೆ. ಆಮೇಲೆ ಕಾಲು ಗಿಡ್ಡ ಆಯ್ತು. ಡಾಕ್ಟ್ರು ಭಾರ ಬಿಟ್ರಾ ಅಂತ ಕೇಳಿದ್ರು, ಹೂಂ ಅಂದೆ. ಮೂರು ವರ್ಷ ಆಯ್ತು ಸಾರ್. ಅವ್ಳು ನನ್ನನ್ನ ಕರೆಯೋದೇ ಬಲ್ಬು ಅಂತ. ಮೊದಲೆಲ್ಲ ತಮಾಷೆಗೆ. ಈಗ ತಮಾಷೆಗಲ್ಲ. ಲಾಂಡ್ರಿಯಲ್ಲಿ ಎರಡು ಪಾಳಿ ಮಾಡ್ತಾಳೆ, ಬಂದು ಕಾಲು ಚಾಚ್ತಾಳೆ, ಒಂದು ಬಲ್ಬಿಂದ ನನ್ ಬಾಳು ಹೀಗಾಯ್ತು ಅಂತಾಳೆ. ನಾನೇನು ಹೇಳ್ಲಿ? ಹೌದಲ್ವಾ ಅಂತ ಸುಮ್ನಿರ್ತಿದ್ದೆ."

ನಾನು ಅವನಿಗೆ ಪೂರ್ತಿ ನಿಜವನ್ನೇ ಹೇಳಿದೆ, ಅಕ್ಕ. ಬಲ್ಬೂ ಸ್ವಲ್ಪ ಕಾರಣ ಇರಬಹುದು, ಯಾರೂ ಖಚಿತವಾಗಿ ಹೇಳಲಾರರು. ಆದರೆ ಉದ್ದ ಸ್ಕ್ರೂ ಇದ್ದಿದ್ದರೆ ಒಂದು ಬಲ್ಬನ್ನು ತಡೆದುಕೊಳ್ಳುತ್ತಿತ್ತು ಎಂದೆ. ದೂರು ಕೊಡುವುದಿದ್ದರೆ ಈ ಚೀಟಿ ಸಾಕು ಎಂದು ಅವನ ಮುಂದಿಟ್ಟೆ. ಅವನು ಚೀಟಿಯನ್ನು ಓದಲೇ ಇಲ್ಲ. ಗಡಿಯಾರ ನೋಡಿದ.

"ಇರಿ, ಹೋಗ್ಬೇಡಿ. ಇನ್ನು ಕಾಲು ಗಂಟೆಗೆ ಬರ್ತಾಳೆ."

ಕೂತೆವು. ದೂರು, ಪೊಲೀಸು, ಪರಿಹಾರ, ಯಾವ ಮಾತೂ ಇಲ್ಲ. ಕಣ್ಣು ಬಾಗಿಲ ಮೇಲೆ. ಎದ್ದು ಹೋಗಿ ಅಂಗಿ ಬದಲಾಯಿಸಿಕೊಂಡು ಬಂದ. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿದ್ದೇ, ಕುರ್ಚಿಯ ಹಿಡಿಯನ್ನು ಹಿಡಿದು ಆದಷ್ಟು ನೆಟ್ಟಗೆ ನಿಂತ.

ಅವಳು ಒಳಗೆ ಬಂದು ಚೀಲ ಇಳಿಸಿ ನನ್ನನ್ನು ನೋಡಿದಳು.

"ಸಾರ್, ಈಗ ಹೇಳಿ" ಅಂದ ಅವನು. "ಮೊದಲಿಂದ ಹೇಳಿ. ನಿಧಾನಕ್ಕೆ ಹೇಳಿ."

ತಮ್ಮ